ಬಿದ್ದ ಮರಿ, ಹರಿದ ಬಲೆ

ತರುಣರನ್ನು ವನ್ಯಜೀವಿ ಸಂರಕ್ಷಣೆಯ ಮುಂದಾಳುಗಳನ್ನಾಗಿ ರೂಪಿಸಬೇಕೆಂಬ ಶಿಬಿರಗಳು ಇಂದು ನಾಡಿನಲ್ಲಿ ನಡೆಯುತ್ತಿವೆ. ವರ್ಷಕ್ಕೆ ಎಷ್ಟು ಶಿಬಿರಗಳಾದವೆಂದು ಎಣಿಸುವುದು ಸುಲಭ. ಮುಂದಾಳುತನ ಎಷ್ಟು ಬೆಳೆಯಿತೆಂದು ಅಳೆಯುವ ಬಗೆ ಯಾವುದು?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡೋಣ. ಅಲ್ಲಿ ಊರವರ ಹಿತ್ತಿಲ ಮರಗಳ ಮೇಲೆಯೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಗೂಡಿನಿಂದ ನೆಲಕ್ಕೆ ಬಿದ್ದ ಮರಿಗೆ ತಾಯಿಹಕ್ಕಿ ಇಳಿದುಬಂದು ಉಣಿಸುವುದಿಲ್ಲ. 1990ರ ದಶಕದಲ್ಲಿ, ಮೈಸೂರಿನ ನಿಸರ್ಗಾಸಕ್ತರ ನೆರವಿನೊಡನೆ, ಆ ಊರಿನ ತರುಣರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿಕೊಂಡರು. ಬಿದ್ದ ಮರಿಗಳಿಗೆ ಮೀನು ತಿನ್ನಿಸಿ, ರೆಕ್ಕೆ ಬಲಿಯುವವರೆಗೆ ಸಾಕಿ, ಹಾರಬಿಟ್ಟರು. ಹಕ್ಕಿಗಳ ಮಾತೆತ್ತಿದಾಗ ಊರು ಅವರತ್ತ ತಿರುಗಿ ನೋಡಿದ್ದು ಈ ದುಡಿಮೆಯಿಂದಲೇ.

ಇನ್ನು ನಮ್ಮ ಸೀಮೆಗೆ ಬರೋಣ. ದಢೇಸುಗೂರಿನ ಸೇತುವೆಯಡಿ ಹರಿಯುವ ತುಂಗಭದ್ರೆಯ ಮೇಲ್ಗಡೆ, ಕಂಪ್ಲಿಯವರೆಗಿನ 34 ಕಿಲೋಮೀಟರ್ ನದೀಪಾತ್ರವನ್ನು ಸರ್ಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆ ಮೀಸಲಿಟ್ಟಿತು. ಆದರೆ ಬಲೆ ಹರಿದು ಮೀನು ಕದಿಯುವ ಪ್ರಾಣಿಯ ಮೇಲೆ ಬೆಸ್ತರಿಗೆ ಮುನಿಸಿದೆ. ಹರಿದ ಬಲೆಯೆಂದರೆ ಅಂದಿನ ಕೂಳು ಹೋದಂತೆ. ಆ ಮುನಿಸು ಅಕಾರಣವಲ್ಲ. ಹೊರಗಿನವರ ಉಪದೇಶದಿಂದ ಅದು ಕರಗದು. ಬೆಸ್ತರ ಮನೆಯ ಮಗನೋ ಮಗಳೋ ವರ್ಷವಿಡೀ ದಂಡೆಯ ಹೆಜ್ಜೆಗುರುತುಗಳನ್ನು ಗಮನಿಸಿ, ಹರಿದ ಬಲೆಗಳ ಲೆಕ್ಕವನ್ನೂ ಬರೆದಿಟ್ಟು ಮಾತನಾಡಿದರೆ, ತಂದೆ ಕಿವಿಗೊಟ್ಟಾನು.

ಆ ಲೆಕ್ಕದ ಪುಸ್ತಕ ತುಂಬಿದ ವರ್ಷವನ್ನೇ ನಾನು ಬೆಳವಣಿಗೆಯ ವರ್ಷವೆಂದು ಕರೆಯುತ್ತೇನೆ.