ಗಡ್ಡಪ್ಪನ ಕುರಿಹಟ್ಟಿ, ಶಿವಮ್ಮನ ಊರು

ಇಂಡಿಯಿಂದಲೋ ಸಿಂದಗಿಯಿಂದಲೋ ಬಸ್ಸು ಹಿಡಿದು ಪರಿಚಯವಿಲ್ಲದ ಒಂದು ಹಳ್ಳಿಯಲ್ಲಿ ಇಳಿದರೆ, ಕಟ್ಟೆಯ ಮೇಲೆ ಕುಳಿತ ಹಿರಿಯರು ಕೇಳುವ ಮೊದಲ ಮಾತು "ಯಾವೂರಾತು ತಮ್ಮಾ? ಯಾರ ಪೈಕಿ?" ಎಂಬುದು. ಓದಿದ ಹುಡುಗನಿಗೆ ಇದರಿಂದ ಕೊಂಚ ಮುಜುಗರವಾಗುತ್ತದೆ. ತನ್ನ ಹೆಸರು, ಕಾಲೇಜು, ಪರೀಕ್ಷೆಯಲ್ಲಿ ಬಂದ ಅಂಕ ಯಾವುದೂ ಆ ಪ್ರಶ್ನೆಗೆ ಉತ್ತರವಲ್ಲ. ಅಪ್ಪನ ಹೆಸರು, ಅಜ್ಜನ ಹೆಸರು, ಹೊಲದ ದಿಕ್ಕು ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ತಾನು ಯಾರೆಂಬುದೇ ತನಗೆ ಸರಿಯಾಗಿ ತಿಳಿದಿಲ್ಲವೇನೋ ಎಂಬ ಅನುಮಾನ ಅಲ್ಲಿಯೇ ಹುಟ್ಟಿಕೊಳ್ಳುತ್ತದೆ.

ಈ ಅನುಮಾನವನ್ನು ಹಿಡಿದು ಹೊರಟ ಚಿತ್ರಗಳು ಕನ್ನಡದಲ್ಲಿ ಹೊಸತಲ್ಲ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಟಿ.ಎಸ್. ನಾಗಾಭರಣ 2003ರಲ್ಲಿ 'ಚಿಗುರಿದ ಕನಸು' ತೆರೆಗೆ ತಂದರು. ದೆಹಲಿಯಲ್ಲಿ ಬೆಳೆದ ಯುವಕನೊಬ್ಬ ತನ್ನ ಹಿರಿಯರ ಊರನ್ನು ಹುಡುಕಿಕೊಂಡು ಬರುವ ಕಥೆ ಅದು. ಕಾರಂತರದ್ದೇ ಆದ 'ಬೆಟ್ಟದ ಜೀವ'ವನ್ನು ಪಿ. ಶೇಷಾದ್ರಿ ಚಿತ್ರವಾಗಿಸಿದರು. ಅದರಲ್ಲಿ ದಾರಿ ತಪ್ಪಿದ ಪ್ರಯಾಣಿಕನೊಬ್ಬ ಕಾಡಿನಂಚಿನ ಮನೆಯ ವೃದ್ಧ ದಂಪತಿಗಳ ಬಳಿ ಆಶ್ರಯ ಪಡೆಯುತ್ತಾನೆ. ಈ ಚಿತ್ರಕ್ಕೆ ಪರಿಸರ ಸಂರಕ್ಷಣೆ ವಿಭಾಗದ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ದೊಡ್ಡ ನಟರಿಲ್ಲದೆ, ಬಣ್ಣ ಹಚ್ಚದೆ, ಸೆಟ್ಟು ಹಾಕದೆ ಹಳ್ಳಿಯವರನ್ನೇ ಪಾತ್ರಗಳಾಗಿ ನಿಲ್ಲಿಸಿದ ಚಿತ್ರ ಯಾವುದೆಂದರೆ ಥಟ್ಟನೆ ನೆನಪಾಗುವುದು 'ತಿಥಿ'.

'ತಿಥಿ'ಯ ನಿರ್ದೇಶಕ ರಾಮ್ ರೆಡ್ಡಿ ಬೆಂಗಳೂರಿನಲ್ಲಿ ಬೆಳೆದವರು. ದೆಹಲಿಯಲ್ಲಿ ಅರ್ಥಶಾಸ್ತ್ರ ಓದಿ, ಮುಂದೆ ಯುರೋಪಿನ ಪ್ರಾಗ್ ನಗರದಲ್ಲಿ ಚಲನಚಿತ್ರ ಕಲಿತವರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಅವರ ಊರಲ್ಲ. ಅದು ಅವರ ಗೆಳೆಯ, ಚಿತ್ರಕಥೆಯಲ್ಲಿ ಜೊತೆಗಾರರಾದ ಈರೇಗೌಡರ ಊರು. ಗೆಳೆಯನ ಊರಿಗೆ ಹೋದ ಈ ಪಟ್ಟಣದ ಯುವಕ ಕೈಯಲ್ಲಿ ಸಿದ್ಧ ಕಥೆ ಹಿಡಿದುಕೊಂಡು ಹೋಗಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಮೊದಲು ಮನುಷ್ಯರನ್ನು ನೋಡಿದರು, ಅವರ ನಡೆ, ನುಡಿ, ಸಿಟ್ಟು, ಮೌನಗಳನ್ನು ಕಂಡರು. ಕಥೆಯನ್ನು ಅವರ ಸುತ್ತ ಆಮೇಲೆ ಹೆಣೆದರು. ಸಾಮಾನ್ಯವಾಗಿ ಇದು ತಿರುಗುಮುರುಗು. ಕಥೆ ಮೊದಲು, ನಟರು ನಂತರ. ಪ್ರಯೋಗಶಾಲೆಯಲ್ಲಿ ಫಲಿತಾಂಶವನ್ನು ಮೊದಲೇ ಬರೆದಿಟ್ಟು ಪ್ರಯೋಗಕ್ಕೆ ಕೂರುವ ವಿದ್ಯಾರ್ಥಿಗೂ, ಏನು ಕಾಣುತ್ತದೋ ಅದನ್ನೇ ಬರೆದುಕೊಳ್ಳುವ ವಿದ್ಯಾರ್ಥಿಗೂ ಇರುವಷ್ಟೇ ವ್ಯತ್ಯಾಸ ಇಲ್ಲಿಯೂ ಇದೆ.

ಕಥೆ ಹೀಗಿದೆ. ನೂರೊಂದು ವರ್ಷದ ಸೆಂಚುರಿ ಗೌಡ, ದಾರಿಹೋಕರನ್ನೆಲ್ಲ ಬೈಯುತ್ತ ಕೂರುವ ಮುದುಕ, ಒಂದು ದಿನ ರಸ್ತೆ ಬದಿಯಲ್ಲೇ ಕುಸಿದು ಸಾಯುತ್ತಾನೆ. ಹನ್ನೊಂದನೆಯ ದಿನಕ್ಕೆ ತಿಥಿ. ಅದರೊಳಗೆ ನಡೆಯುವುದೇ ಚಿತ್ರ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತದ್ದೂ ಒಂದೇ, ಆಸ್ತಿ ಬಂದದ್ದೂ ಒಂದೇ. ಬಗಲಲ್ಲಿ ಬ್ರಾಂದಿ ಬಾಟಲಿ ಇಟ್ಟುಕೊಂಡು ಹೊಲದ ಬದುವಿನಲ್ಲಿ ಅಲೆಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಜಮೀನು ಮಾರುವ ಆತುರ. ಅದಕ್ಕಾಗಿ ಸಾಲ ಮಾಡಿ, ಲಂಚ ಕೊಟ್ಟು, ಬದುಕಿರುವ ತಂದೆಗೇ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ. ತಂದೆ ಯಾರ ಕಣ್ಣಿಗೂ ಬೀಳಬಾರದೆಂದು ಕೈಗೆ ದುಡ್ಡು ಕೊಟ್ಟು ಊರೂರು ತಿರುಗಿ ಬಾ ಎಂದು ಬಸ್ಸು ಹತ್ತಿಸುತ್ತಾನೆ. ಮರಿಮೊಮ್ಮಗ ಅಭಿಗೆ ಇದಾವುದೂ ಬೇಡ. ಅವನ ಗಮನವೆಲ್ಲ ಕುರಿ ಕಾಯುವ ಹುಡುಗಿ ಕಾವೇರಿಯ ಮೇಲೆ.

ಗಡ್ಡಪ್ಪ ದೇಶಸಂಚಾರಕ್ಕೆ ಹೋಗುವುದಿಲ್ಲ. ಹಿಂಡಿನೊಂದಿಗೆ ಊರಿಂದೂರಿಗೆ ಸಾಗುವ ಕುರಿಗಾರರನ್ನು ಸೇರಿಕೊಳ್ಳುತ್ತಾನೆ. ಚಿತ್ರದ ಅತ್ಯಂತ ಸುಂದರ ಭಾಗ ಇದೇ ಎಂದರೆ ತಪ್ಪಾಗಲಾರದು. ಹುಟ್ಟಿದ ಊರಿನಲ್ಲಿ ಯಾರೊಂದಿಗೂ ಮನಬಿಚ್ಚಿ ಮಾತಾಡದ ಮುದುಕ, ಪರಿಚಯವೇ ಇಲ್ಲದ ಆ ಜನರ ನಡುವೆ, ರಾತ್ರಿ ಬೆಂಕಿಯ ಮುಂದೆ ಕುಳಿತು ತನ್ನೊಳಗೆ ಎಷ್ಟೋ ವರ್ಷಗಳಿಂದ ಹುದುಗಿದ್ದ ನೋವನ್ನು ಹೇಳಿಕೊಳ್ಳುತ್ತಾನೆ. ಅವರು ಅವನನ್ನು ಯಾರ ಪೈಕಿ ಎಂದು ತೂಗುವುದಿಲ್ಲ. ಊಟಕ್ಕೆ ಕೂರಿಸಿಕೊಳ್ಳುತ್ತಾರೆ, ಅಷ್ಟೆ. ಆ ದೃಶ್ಯದಲ್ಲಿ ಗಡ್ಡಪ್ಪ ಅಳುವುದಿಲ್ಲ, ಹಿನ್ನೆಲೆಯಲ್ಲಿ ಪಿಟೀಲು ಕೊರೆಯುವುದಿಲ್ಲ. ನೋಡುವವರಿಗೆ ಮಾತ್ರ ಗಂಟಲು ಕಟ್ಟುತ್ತದೆ.

ಗಡ್ಡಪ್ಪನಾಗಿ ಚನ್ನೇಗೌಡ, ಸೆಂಚುರಿ ಗೌಡನಾಗಿ ಸಿಂಗ್ರೀಗೌಡ, ತಮ್ಮಣ್ಣನಾಗಿ ತಮ್ಮೇಗೌಡ ಕಾಣಿಸಿಕೊಂಡರು. ಇವರಲ್ಲಿ ಯಾರೂ ಅದಕ್ಕೆ ಮೊದಲು ಕ್ಯಾಮೆರಾ ಮುಂದೆ ನಿಂತವರಲ್ಲ. ಮಾತುಗಳನ್ನು ಸ್ಟುಡಿಯೋದಲ್ಲಿ ಮತ್ತೆ ಹೇಳಿಸದೆ ಚಿತ್ರೀಕರಣದ ಸ್ಥಳದಲ್ಲೇ ಧ್ವನಿಮುದ್ರಿಸಿಕೊಂಡದ್ದರಿಂದ ಗಾಳಿ, ಕೋಳಿ, ದೂರದ ಮೋಟಾರು ಎಲ್ಲವೂ ಮಾತಿನ ಜೊತೆಗೇ ಕೇಳಿಸುತ್ತವೆ. 2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ 'ಚಿನ್ನದ ಚಿರತೆ' ಹಾಗೂ ಮೊದಲ ಚಿತ್ರಕ್ಕೆ ಮೀಸಲಾದ ಪ್ರಶಸ್ತಿ ಎರಡನ್ನೂ 'ತಿಥಿ' ಪಡೆಯಿತು. 2016ರಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಚಿತ್ರಮಂದಿರಗಳಿಗೆ ಬಂತು. ಈರೇಗೌಡರೂ ಮುಂದೆ 'ಬಳೆಕೆಂಪ' ಎಂಬ ಚಿತ್ರ ನಿರ್ದೇಶಿಸಿದರು. ಅದು 2018ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಚಿತ್ರ ವಿಮರ್ಶಕರ ಪ್ರಶಸ್ತಿ ಗಳಿಸಿತು. ಪಾಲಕರಿಗೆ ಒಂದು ಮಾತು: 'ತಿಥಿ'ಯಲ್ಲಿ ಬೈಗುಳ ಧಾರಾಳವಾಗಿವೆ, ಕುಡಿತವೂ ಇದೆ. ಚಿಕ್ಕ ಮಕ್ಕಳಿಗೆ ಹೇಳಿಸಿದ ಚಿತ್ರವಲ್ಲ. ಕಾಲೇಜಿಗೆ ಬಂದ ಮಕ್ಕಳೊಂದಿಗೆ ದೊಡ್ಡವರೂ ಕುಳಿತು ನೋಡಿದರೆ ಒಳ್ಳೆಯದು.

ವಿಜಯಪುರ ಜಿಲ್ಲೆಯ ನೋಡುಗನಿಗೆ 'ತಿಥಿ' ಎರಡು ಬಗೆಯಲ್ಲಿ ಅಪರಿಚಿತ. ಒಂದು, ಅಲ್ಲಿನ ಹಸಿರು ಗದ್ದೆ, ಕಬ್ಬು, ನಾಲೆ. ಇನ್ನೊಂದು, ಅಲ್ಲಿನ ಮಾತು. ಹಕಾರ ಬಿಟ್ಟು ಆಡುವ ಮಂಡ್ಯದ ಕನ್ನಡ ಮುದ್ದೇಬಿಹಾಳದ ಕಿವಿಗೆ ಹತ್ತಲು ಕಾಲು ಗಂಟೆಯಾದರೂ ಬೇಕು. ಆದರೆ ಕುರಿಗಾರರು ಪರದೆಗೆ ಬಂದ ಕೂಡಲೇ ದೂರ ಕಡಿಮೆಯಾಗುತ್ತದೆ. ಬಿಳಿಜೋಳದ ಕೊಯ್ಲು ಮುಗಿದ ಮೇಲೆ ಸಿಂದಗಿ, ಇಂಡಿ ಸೀಮೆಯ ಎರಿ ಹೊಲಗಳಲ್ಲಿಯೂ ಕುರಿ ಹಿಂಡುಗಳು ಇಳಿಯುತ್ತವೆ. ರೈತರು ಕುರಿಗಾರರಿಗೆ ಕಾಳೋ ಹಣವೋ ಕೊಟ್ಟು ಹಿಂಡನ್ನು ರಾತ್ರಿ ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆಯ ಜೊತೆಗೆ ಮೂತ್ರವೂ ನೇರವಾಗಿ ಮಣ್ಣಿಗೆ ಸೇರುವುದರಿಂದ, ತಿಪ್ಪೆಯಲ್ಲಿ ಕಳೆದುಹೋಗುವ ಸಾರಜನಕದ ಒಂದು ಪಾಲು ಹೊಲದಲ್ಲೇ ಉಳಿಯುತ್ತದೆ. ರಸಾಯನಶಾಸ್ತ್ರದ ಪುಸ್ತಕ ಬರುವ ಎಷ್ಟೋ ಮೊದಲೇ ರೈತನಿಗೆ ಗೊತ್ತಿದ್ದ ಸಂಗತಿ ಇದು.

ಮಾತಿನ ವಿಷಯ ಇಲ್ಲಿಗೇ ಬಿಡುವಂತಿಲ್ಲ. ಕನ್ನಡ ಚಿತ್ರಗಳಲ್ಲಿ ಉತ್ತರ ಕರ್ನಾಟಕದ ಮಾತು ಬಹುಕಾಲ ನಗಿಸಲು ಮಾತ್ರ ಬಳಕೆಯಾಯಿತು. ನಾಯಕ ಶುದ್ಧ ಕನ್ನಡ ಆಡಬೇಕು, ಅವನ ಆಳು 'ಯಪ್ಪಾ, ಯವ್ವಾ' ಅನ್ನಬೇಕು. ಇದರ ಪರಿಣಾಮ ಮಕ್ಕಳ ಮೇಲಾಗಿಲ್ಲ ಎಂದು ಯಾರೂ ಭಾವಿಸಬೇಕಾಗಿಲ್ಲ. ಬಸವನ ಬಾಗೇವಾಡಿಯಿಂದ ಬೆಂಗಳೂರಿನ ಹಾಸ್ಟೆಲ್ಲಿಗೆ ಹೋದ ಹುಡುಗಿ ಒಂದು ತಿಂಗಳೊಳಗೆ 'ಹೊಂಟೀನಿ' ಬಿಟ್ಟು 'ಹೋಗ್ತಾ ಇದ್ದೀನಿ' ಕಲಿಯುತ್ತಾಳೆ. ಅದು ತಪ್ಪಲ್ಲ. ಆದರೆ ದಸರಾ ರಜೆಗೆ ಊರಿಗೆ ಬಂದಾಗ ಅವ್ವನ ಮಾತಿಗೆ ನಾಚಿಕೊಳ್ಳತೊಡಗಿದರೆ, ಅವಳ ಪಾಲಿಗೆ ಹುಟ್ಟಿದ ಊರೇ ಪರವೂರು. ಇಂಥ ಮಕ್ಕಳು ಇಂದು ಒಬ್ಬಿಬ್ಬರಲ್ಲ. ಆರನೆಯ ತರಗತಿಗೇ ವಸತಿ ಶಾಲೆ, ಅಲ್ಲಿಂದ ಪಿಯುಗೆ ಮತ್ತೊಂದು ಊರು, ಪದವಿಗೆ ಧಾರವಾಡವೋ ಪುಣೆಯೋ. ಊರಿನಲ್ಲಿ ಅವರು ಇಪ್ಪತ್ತು ವರ್ಷದ ಅತಿಥಿಗಳು.

ಈ ಹಿನ್ನೆಲೆಯಲ್ಲಿ 'ಶಿವಮ್ಮ ಯರೇಹಂಚಿನಾಳ' ಮುಖ್ಯವಾಗುತ್ತದೆ. ಜೈಶಂಕರ್ ಆರ್ಯರ್ ನಿರ್ದೇಶಿಸಿ, ನಟ ರಿಷಬ್ ಶೆಟ್ಟಿ ನಿರ್ಮಿಸಿದ ಈ ಚಿತ್ರ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಗ್ರಾಮದಲ್ಲಿ, ಬಹುತೇಕ ಅಲ್ಲಿನ ಜನರನ್ನೇ ಹಾಕಿಕೊಂಡು ತೆಗೆದದ್ದು. 2022ರಲ್ಲಿ ದಕ್ಷಿಣ ಕೊರಿಯದ ಬುಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗೆ ಕೊಡುವ 'ನ್ಯೂ ಕರೆಂಟ್ಸ್' ಪ್ರಶಸ್ತಿ ಪಡೆಯಿತು. 2024ರ ಜೂನ್‌ನಲ್ಲಿ ರಾಜ್ಯದಲ್ಲಿ ಬಿಡುಗಡೆಯಾಯಿತು. ಶಿವಮ್ಮನ ಪಾತ್ರ ವಹಿಸಿದವರು ಶರಣಮ್ಮ ಚಟ್ಟಿ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸು, ಮೈಯಲ್ಲಿ ಸ್ವಾಧೀನವಿಲ್ಲದ ಗಂಡ, ಮದುವೆಗೆ ಬಂದ ಮಗಳು. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಶಿವಮ್ಮ ಶಕ್ತಿವರ್ಧಕ ಪುಡಿ ಮಾರುವ ಸರಪಳಿ ವ್ಯಾಪಾರದಲ್ಲಿ ತೊಡಗಿಸುತ್ತಾಳೆ. ಪುಡಿಯ ಡಬ್ಬಿ ಹಿಡಿದು ಓಣಿ ಓಣಿ ಅಲೆಯುತ್ತಾಳೆ. ತಾನು ಹುಟ್ಟಿ ಬೆಳೆದ ಓಣಿಗಳೇ ನೋಡನೋಡುತ್ತ ಅವಳಿಗೆ ಅಪರಿಚಿತವಾಗುತ್ತವೆ. ಬೀಗರು, ನೆರೆಯವರು ಮುಖ ತಿರುಗಿಸುತ್ತಾರೆ. ಆದರೂ ಅವಳು ಸೋತೆನೆಂದು ಕೂರುವವಳಲ್ಲ. ಇಲ್ಲಿ ಉತ್ತರ ಕರ್ನಾಟಕದ ಮಾತು ನಗೆಗಾಗಿ ಬಂದದ್ದಲ್ಲ. ಅದೇ ಸಿಟ್ಟಿನ, ಲೆಕ್ಕಾಚಾರದ, ಪ್ರೀತಿಯ ಮಾತು.

ಶಿವಮ್ಮನ ವ್ಯಾಪಾರದ ಲೆಕ್ಕವನ್ನು ಎಂಟನೆಯ ತರಗತಿಯ ವಿದ್ಯಾರ್ಥಿಯೂ ಮಾಡಿ ನೋಡಬಹುದು. ಒಬ್ಬರು ಆರು ಜನರನ್ನು ಸೇರಿಸಬೇಕು, ಆ ಆರು ಜನ ತಲಾ ಆರು ಎಂದುಕೊಳ್ಳೋಣ. 6, 36, 216, 1,296, 7,776 ಎಂದು ಏರುತ್ತ ಎಂಟನೆಯ ಹಂತಕ್ಕೆ 16,79,616 ಆಗುತ್ತದೆ. ಎಂಟೂ ಹಂತ ಕೂಡಿದರೆ 20 ಲಕ್ಷ ದಾಟುತ್ತದೆ. 2011ರ ಜನಗಣತಿಯಂತೆ ವಿಜಯಪುರ ಜಿಲ್ಲೆಯ ಒಟ್ಟು ಜನಸಂಖ್ಯೆ ಸುಮಾರು 21.77 ಲಕ್ಷ. ಅಂದರೆ ತೊಟ್ಟಿಲ ಕೂಸುಗಳನ್ನು ಹಿಡಿದು ಇಡೀ ಜಿಲ್ಲೆ ಪುಡಿ ಮಾರಲು ನಿಂತರೂ ಒಂಬತ್ತನೆಯ ಹಂತಕ್ಕೆ ಬೇಕಾದ ಕೋಟಿ ಜನ ಎಲ್ಲಿಂದ ಬರಬೇಕು? ಕೊನೆಯ ಹಂತದಲ್ಲಿ ಸೇರಿದವರ ಹಣ ಹೋದದ್ದೇ. ಸದಸ್ಯರನ್ನು ಸೇರಿಸುವುದರಿಂದಲೇ ಹಣ ಬರುತ್ತದೆಂಬ ಇಂಥ ಯೋಜನೆಗಳ ಮೇಲೆ 1978ರ ಕಾಯಿದೆಯೇ ನಿಷೇಧ ಹೇರಿದೆ. 2021ರ ನೇರ ಮಾರಾಟ ನಿಯಮಗಳೂ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಹೀಗಿದ್ದರೂ ಹಳ್ಳಿಯಲ್ಲಿ ಇಂಥವು ಹಬ್ಬುವುದು ಪರಿಚಯದ ಬಲದಿಂದ. ಅಕ್ಕ, ಚಿಗವ್ವ, ಗೆಳತಿ ಎಂಬ ನಂಬಿಗೆಯೇ ಅದರ ಬಂಡವಾಳ. ಚಿತ್ರ ಇದನ್ನು ಉಪದೇಶ ಮಾಡದೆ ತೋರಿಸುತ್ತದೆ. ನಿರ್ದೇಶಕರು ಶಿವಮ್ಮನನ್ನು ಮೂರ್ಖಳೆಂದು ಎಲ್ಲಿಯೂ ನಗಲು ಬಿಡುವುದಿಲ್ಲ. ಬಡತನದಿಂದ ಹೊರಬರಲು ಅವಳ ಕೈಗೆ ಸಿಕ್ಕ ಹಗ್ಗ ಅದೊಂದೇ ಆಗಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ಇಂಥ ಚಿತ್ರಕ್ಕೆ ಸಾಮಗ್ರಿ ಕಡಿಮೆಯೇ? ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳಿವೆ. ಅಲ್ಲಿನ ಅಜ್ಜಿಯರು ಇಂದಿಗೂ ನೀರಿನಡಿಯ ಊರನ್ನು 'ನಮ್ಮೂರು' ಎನ್ನುತ್ತಾರೆ, ಹೊಸ ಊರು ಅವರಿಗೆ ಬರೀ 'ಸೆಂಟರ್'. ಮೊಮ್ಮಕ್ಕಳಿಗೆ ಆ ಹಳೆಯ ಊರು ಗೊತ್ತೇ ಇಲ್ಲ. ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಕಬ್ಬಿನ ಫಡಗಳಿಗೆ ಎತ್ತಿನ ಗಾಡಿ, ಟ್ರ್ಯಾಕ್ಟರ್ ಏರಿ ಹೋಗುವ ತಂದೆ ತಾಯಂದಿರಿದ್ದಾರೆ. ಅವರ ಜೊತೆ ಹೋಗಿ ಮರಾಠಿ ಹಳ್ಳಿಯೊಂದರಲ್ಲಿ ಆರು ತಿಂಗಳು ಕಳೆದು, ಪರೀಕ್ಷೆ ಹತ್ತಿರ ಬಂದಾಗ ತರಗತಿಗೆ ಮರಳುವ ಹುಡುಗ ಎರಡು ಭಾಷೆಯಲ್ಲಿ ಬೈಯಬಲ್ಲ. ಲೆಕ್ಕದಲ್ಲಿ ಮಾತ್ರ ಹಿಂದೆ ಬೀಳುತ್ತಾನೆ. ಅವನ ಕಥೆ ಪರದೆಯ ಮೇಲೆ ಬಂದದ್ದು ಕಡಿಮೆ.

ಊರವರ ಮಾತನ್ನು ಕಿವಿಗೊಟ್ಟು ಕೇಳಿದವರು ಈ ನೆಲದಲ್ಲಿ ಹಿಂದೆಯೇ ಇದ್ದರು. ಅಂದು ಇಂಡಿ ತಾಲ್ಲೂಕಿನಲ್ಲಿದ್ದು ಈಗ ಚಡಚಣ ತಾಲ್ಲೂಕಿಗೆ ಸೇರಿದ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಹೆಣ್ಣುಮಕ್ಕಳ ಬೀಸುವ ಕಲ್ಲಿನ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಸಂಕಲನ ಹೊರಬಂತು. ಓದುಬರಹ ಬಲ್ಲ ಗಂಡಸರು ಕಾಗದ ಹಿಡಿದು ತಮ್ಮದೇ ಊರಿನ ಹೆಂಗಸರ ಮುಂದೆ ಕೂರುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅವರ ಬಳಿ ಇದ್ದದ್ದು ಕಾಗದ, ಲೇಖನಿ, ಕಿವಿ. ಇಂದಿನ ಹೈಸ್ಕೂಲು ಹುಡುಗನ ಕಿಸೆಯಲ್ಲಿ ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಹಿಡಿಯುವ ಮೊಬೈಲ್ ಇದೆ. ರಜೆಯಲ್ಲಿ ಊರಿಗೆ ಬಂದಾಗ ಅಜ್ಜಿಗೆ "ನಿಮ್ಮ ಹಳೇ ಊರಾಗ ಬಾವಿ ಎಲ್ಲಿತ್ತು, ಅಗಸಿ ಯಾವ ದಿಕ್ಕಿಗಿತ್ತು?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ನಡುವೆ ಬಾಯಿ ಹಾಕದೆ ಅದನ್ನು ಚಾಲೂ ಇಟ್ಟುಕೊಂಡರೆ ಸಾಕು. ಫೋನನ್ನು ಅಡ್ಡ ಹಿಡಿಯಬೇಕು, ಫ್ಯಾನು ಆರಿಸಬೇಕು, ಅಜ್ಜಿಯ ಮುಖಕ್ಕೆ ಕಿಟಕಿಯ ಬೆಳಕು ಬೀಳುವಂತೆ ಕೂರಿಸಬೇಕು.