ಓದೂ ಬೇಕು, ಗೋಲೂ ಕಾಯಬೇಕು: ಅದಿತಿ ಚೌಹಾಣ್ ನಡೆದ ದಾರಿ

‘ಹತ್ತನೇ ಕ್ಲಾಸಿಗೆ ಬಂದದ್ದಾಯಿತು, ಇನ್ನು ಆಟ ಸಾಕು’ ಎಂಬ ಮಾತು ಕೇಳಿಬರದ ಮನೆ ಮುಂಬಯಿ ಕನ್ನಡಿಗರಲ್ಲಿ ವಿರಳ. ಆಡುವವಳು ಹುಡುಗಿ, ಅದೂ ಫುಟ್ಬಾಲ್ ಎಂದರಂತೂ ಕೇಳುವುದೇ ಬೇಡ. ಈ ಮಾತಿಗೆ ಭಾರತ ಮಹಿಳಾ ತಂಡದ ಗೋಲ್‌ಕೀಪರ್ ಆಗಿದ್ದ ಅದಿತಿ ಚೌಹಾಣ್ ಆಟದಲ್ಲೇ ಉತ್ತರ ಕೊಟ್ಟಿದ್ದಾರೆ.

1992ರಲ್ಲಿ ಚೆನ್ನೈಯಲ್ಲಿ ಜನಿಸಿ ದಿಲ್ಲಿಯಲ್ಲಿ ಬೆಳೆದ ಅದಿತಿ ಮೊದಲು ಆಡುತ್ತಿದ್ದುದು ಬಾಸ್ಕೆಟ್‌ಬಾಲ್. ತರಬೇತುದಾರರ ಒತ್ತಾಯಕ್ಕೆ ಫುಟ್ಬಾಲ್ ಆಯ್ಕೆಗೆ ಹೋದವರು ದಿಲ್ಲಿ ತಂಡದ ಗೋಲು ಕಾಯುವವರಾದರು, ಮುಂದೆ ದೇಶದ ತಂಡಕ್ಕೂ ಏರಿದರು. ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಉನ್ನತ ವ್ಯಾಸಂಗಕ್ಕೆಂದು ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯ ಸೇರಿದರು. ಆರಿಸಿಕೊಂಡ ವಿಷಯ ಕ್ರೀಡಾ ನಿರ್ವಹಣೆ.

ವಿದೇಶಕ್ಕೆ ಹೋದರೆ ಓದುತ್ತಾ ಆಡಬಹುದು ಎಂಬ ಲೆಕ್ಕ ಹೇಳುವಷ್ಟು ಸುಲಭವಲ್ಲ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ವೃತ್ತಿಪರ ಆಟಗಾರರಾಗುವಂತಿಲ್ಲ. ಪದವಿ ವಿದ್ಯಾರ್ಥಿಗಳು ತರಗತಿ ನಡೆಯುವ ದಿನಗಳಲ್ಲಿ ಬೇರೆ ಕೆಲಸವನ್ನು ವಾರಕ್ಕೆ 20 ಗಂಟೆ ಮಾಡಬಹುದು, ಆದರೆ ಚೆಂಡು ಹಿಡಿದು ಸಂಬಳ ಪಡೆಯುವಂತಿಲ್ಲ! ಉಳಿಯುವುದು ವಿಶ್ವವಿದ್ಯಾಲಯದ ತಂಡ, ಇಲ್ಲವೇ ಹವ್ಯಾಸಿ ಕ್ಲಬ್. ಇತ್ತ ಶಿಕ್ಷಣ ಸಾಲದ ಕಂತು ಮಾತ್ರ ಎಷ್ಟು ಗೋಲು ತಡೆದೆ ಎಂದು ಕೇಳುವುದಿಲ್ಲ.

2015ರ ಆಗಸ್ಟ್‌ನಲ್ಲಿ ಅದಿತಿ ಲಂಡನ್ನಿನ ವೆಸ್ಟ್ ಹ್ಯಾಮ್ ಮಹಿಳಾ ತಂಡ ಸೇರಿದರು. ಆಗ ಅದು ಮೂರನೇ ಸ್ತರದ ತಂಡ, ವೃತ್ತಿಪರವಾದದ್ದು 2018ರಲ್ಲಿ. ಇಂಗ್ಲೆಂಡಿನ ಲೀಗ್‌ನಲ್ಲಿ ಆಡಿದ ಪ್ರಥಮ ಭಾರತೀಯ ಮಹಿಳೆ ಎಂಬ ಹೆಗ್ಗಳಿಕೆ ಅವರದಾಯಿತು. ಮೊದಲ ಪಂದ್ಯದಲ್ಲೇ ಕೊವೆಂಟ್ರಿ ತಂಡ ಐದು ಗೋಲು ಹೊಡೆಯಿತು. 24 ಅಡಿ ಅಗಲ, 8 ಅಡಿ ಎತ್ತರದ ಗೋಲಿನ ಮುಂದೆ ನಿಂತವರ ಪಾಡೇ ಹಾಗೆ. ಮುಂದಿನ ಆಟಗಾರ ಹತ್ತು ಸಲ ತಪ್ಪಿದರೂ ಮರೆತುಹೋಗುತ್ತದೆ, ಗೋಲ್‌ಕೀಪರ್‌ನ ಒಂದೇ ತಪ್ಪು ಫಲಿತಾಂಶದಲ್ಲಿ ಉಳಿಯುತ್ತದೆ. ಅದಿತಿ ಹಿಂದೆ ಸರಿಯಲಿಲ್ಲ, 2018ರ ತನಕ ಅಲ್ಲೇ ಆಡಿದರು.

ಗೋಲ್‌ಕೀಪರ್‌ಗೆ ಓದಿನ ಆಸರೆ ಇತರರಿಗಿಂತ ಹೆಚ್ಚು ಬೇಕು. ತಂಡದಲ್ಲಿ ಇರುವುದು ಒಂದೇ ಸ್ಥಾನ. ಎರಡನೆಯವರಾದರೆ ಇಡೀ ಋತು ಬೆಂಚಿನ ಮೇಲೆಯೇ ಕಳೆದೀತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಮುಂಬಯಿಯ ಹಿರಿಯ ಕನ್ನಡಿಗರಿಗೆ ಎರಡು ದೋಣಿಯ ಈ ಪಯಣವನ್ನು ಬಿಡಿಸಿ ಹೇಳಬೇಕಿಲ್ಲ.

ಸ್ವದೇಶಕ್ಕೆ ಮರಳಿದ ಅದಿತಿ ಕೇರಳದ ಗೋಕುಲಂ ತಂಡ ಸೇರಿದರು. 2020ರ ಫೆಬ್ರವರಿಯಲ್ಲಿ ಬೆಂಗಳೂರು ಫುಟ್ಬಾಲ್ ಕ್ರೀಡಾಂಗಣದಲ್ಲಿ ಜರಗಿದ ಭಾರತೀಯ ಮಹಿಳಾ ಲೀಗ್ ಅಂತಿಮ ಪಂದ್ಯದಲ್ಲಿ ಮಣಿಪುರದ ಕ್ರಿಫ್ಸಾ ತಂಡವನ್ನು 3-2ರಿಂದ ಮಣಿಸಿ ಗೋಕುಲಂ ಪ್ರಶಸ್ತಿಯನ್ನು ಮುಡಿಗೇರಿಸಿಕೊಂಡಿತು. ಬಳಿಕ ಐಸ್‌ಲ್ಯಾಂಡಿನ ಕ್ಲಬ್ಬಿಗೂ ಆಡಿ ಬಂದರು. ಇಂಗ್ಲೆಂಡಿನಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ, ಹುಡುಗಿಯರಿಗಾಗಿ ‘ಶಿ ಕಿಕ್ಸ್’ ಎಂಬ ಫುಟ್ಬಾಲ್ ಅಕಾಡೆಮಿ ಕಟ್ಟಿದರು.

2025ರ ಜುಲೈಯಲ್ಲಿ 32ರ ಹರೆಯದಲ್ಲಿ ಅದಿತಿ ನಿವೃತ್ತಿ ಘೋಷಿಸಿದರು. ಓದು ಮತ್ತು ಆಟದ ನಡುವೆ ಒಂದನ್ನೇ ಆರಿಸಬೇಕಾಗಿಲ್ಲ ಎಂದು ತೋರಿಸಿದ ಹೆಮ್ಮೆಯನ್ನು ವಿದಾಯದ ಮಾತಿನಲ್ಲಿ ಹಂಚಿಕೊಂಡರು. ತನಗೆ ಎಲ್ಲವನ್ನೂ ಕೊಟ್ಟ ಆಟಕ್ಕೆ ಮರಳಿ ಕೊಡುವ ಕೆಲಸ ಇನ್ನು ಮುಂದೆ ತನ್ನದು ಎಂದರು.