ಕುದಿಯುವ ನೀರು 97 ತೋರಿಸಿದರೆ ಕೆಟ್ಟಿದ್ದೇನು?

ವಿಲ್ಸನ್ ಗಾರ್ಡನ್‌ನ ಯಾವ ಅಡುಗೆಮನೆಯಲ್ಲೂ ತೆರೆದ ಪಾತ್ರೆಯ ನೀರು 100 ಡಿಗ್ರಿ ಮುಟ್ಟುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ 97ರ ಆಸುಪಾಸಿಗೇ ನೀರು ಕುದಿಯುತ್ತದೆ. ಇದು ಗೊತ್ತಿಲ್ಲದೆ ಪಾತ್ರೆಗೆ ಕಾವು ಅಳೆಯುವ ಥರ್ಮೋಕಪಲ್ ಇಳಿಬಿಟ್ಟು, ಅಳತೆ ದಾಖಲಿಸುವ ಡೇಟಾ ಲಾಗರ್‌ನಲ್ಲಿ 97 ಕಂಡು, ಸಾಫ್ಟ್‌ವೇರ್‌ನಲ್ಲಿ ಮೂರು ಡಿಗ್ರಿ ಕೂಡಿಸಿಬಿಟ್ಟರೆ ಸರಿಯಾಗಿದ್ದ ಅಳತೆಯೂ ಕೆಟ್ಟಿತು. ಕಡಲತೀರದ ಮಂಗಳೂರಿನಲ್ಲಾದರೆ ಮಾತು ಬೇರೆ.

ಬೇಕರಿ ಒವನ್, ಹೀಟ್ ಟ್ರೀಟ್‌ಮೆಂಟ್ ಕುಲುಮೆ, ವಿಲ್ಸನ್ ಗಾರ್ಡನ್‌ನಲ್ಲೇ ಇರುವಂಥ ವಿದ್ಯುತ್ ಚಿತಾಗಾರ: ಒಳಗಿನ ಕಾವನ್ನು ಕಣ್ಣಿನಿಂದ ಅಳೆಯಲಾಗದ ಇಂಥ ಕಡೆಗೆ ಹೇಳಿ ಮಾಡಿಸಿದ ಸಾಧನ ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಬೆಸೆದರೆ ಅದು ಸಿದ್ಧ. 1821ರಲ್ಲಿ ವಿಜ್ಞಾನಿ ಥಾಮಸ್ ಸೀಬೆಕ್ ಇಂಥ ಬೆಸುಗೆಯನ್ನು ಬಿಸಿಮಾಡಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗಿತು. ಅದು ಕಾಂತತೆಯ ಆಟವೆಂದೇ ಆತ ತಿಳಿದ. ನಿಜಕ್ಕೂ ಹರಿದಿದ್ದು ವಿದ್ಯುತ್. ಇವತ್ತು ಎಲ್ಲೆಡೆ ಬಳಕೆಯಲ್ಲಿರುವ ಕೆ-ಟೈಪ್‌ನಲ್ಲಿ ಒಂದು ಡಿಗ್ರಿಗೆ ಹುಟ್ಟುವುದು ಸುಮಾರು 41 ಮೈಕ್ರೊವೋಲ್ಟ್ ಮಾತ್ರ.

ರೀಡಿಂಗ್ ತಪ್ಪಿದಾಗ ಮೊದಲ ಗುಮಾನಿ ಬೀಳುವುದು ಸೆನ್ಸರ್ ಮೇಲೆ. ಬಹಳಷ್ಟು ಸಲ ಅದು ಸುಳ್ಳು ಆರೋಪ. ಥರ್ಮೋಕಪಲ್ ಹೇಳುವುದು ಬಿಸಿ ತುದಿಗೂ ಲಾಗರ್‌ನ ಟರ್ಮಿನಲ್‌ಗೂ ನಡುವಿನ ವ್ಯತ್ಯಾಸವನ್ನಷ್ಟೆ. ಟರ್ಮಿನಲ್ ಎಷ್ಟು ಬಿಸಿಯಿದೆ ಎಂದು ಇನ್ನೊಂದು ಪುಟ್ಟ ಸೆನ್ಸರ್‌ನಿಂದ ಅಳೆದು, ಅದನ್ನು ಲೆಕ್ಕಕ್ಕೆ ಸೇರಿಸುವುದು ಲಾಗರ್‌ನ ಕೆಲಸ. ಇದೇ ಕೋಲ್ಡ್ ಜಂಕ್ಷನ್ ಕಾಂಪೆನ್ಸೇಷನ್. ಟರ್ಮಿನಲ್ ಮೇಲೆ ಎಸಿ ಗಾಳಿ ಬೀಸಿದರೆ, ಪಕ್ಕದಲ್ಲೇ ಪವರ್ ಸಪ್ಲೈ ಕಾದರೆ ಈ ಲೆಕ್ಕ ಹಳಿ ತಪ್ಪುತ್ತದೆ. ಹವ್ಯಾಸಿಗಳ ಮೆಚ್ಚಿನ ಮ್ಯಾಕ್ಸ್6675 ಚಿಪ್‌ನಲ್ಲಿ ಆ ಪುಟ್ಟ ಸೆನ್ಸರ್ ಚಿಪ್‌ನೊಳಗೇ ಇದೆ. ಪರದೆ ಕಾಲು ಡಿಗ್ರಿಯ ಲೆಕ್ಕ ತೋರಿಸುತ್ತದೆ ನಿಜ. ಪಕ್ಕದ ರೆಗ್ಯುಲೇಟರ್ ಬಿಸಿಯಾದರೆ ತಪ್ಪನ್ನೂ ಅಷ್ಟೇ ನಯವಾಗಿ ತೋರಿಸುತ್ತದೆ.

ಎರಡನೆಯ ಕಳ್ಳ ಕೇಬಲ್. ಥರ್ಮೋಕಪಲ್‌ಗೆ ಹೊಂದುವ ಕಾಂಪೆನ್ಸೇಟಿಂಗ್ ಕೇಬಲ್ ಸಿಗಲಿಲ್ಲವೆಂದು ಮಾಮೂಲಿ ತಾಮ್ರದ ವೈರ್ ಎಳೆದರೆ, ಸೆನ್ಸರ್‌ಗೆ ಕೇಬಲ್ ಸೇರುವ, ಕುಲುಮೆಯ ಬಳಿಯ ಕನೆಕ್ಷನ್ ಹೆಡ್ 60 ಡಿಗ್ರಿ, ಲಾಗರ್ 27 ಡಿಗ್ರಿ ಇದ್ದಾಗ ರೀಡಿಂಗ್ ಸುಮಾರು 33 ಡಿಗ್ರಿ ಕಡಿಮೆ ಬರುತ್ತದೆ. ಬೆಳಿಗ್ಗೆ ಹೆಡ್ ತಣ್ಣಗಿರುವಾಗ ಎಲ್ಲ ಸರಿ, ಮಧ್ಯಾಹ್ನದ ಹೊತ್ತಿಗೆ ತಪ್ಪು. ಸರಿಯಾದ ಕೇಬಲ್ ಹಾಕಿ ಎರಡೂ ತುದಿಯಲ್ಲಿ ಪ್ಲಸ್ ಮೈನಸ್ ಅದಲು ಬದಲಾದರೆ ಇನ್ನೂ ಕಷ್ಟ: ಕಾವು ಏರಿದಂತೆ ಅಂಕಿಯೂ ಏರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ, ತಪ್ಪು ಮಾತ್ರ ಇಮ್ಮಡಿ, 66 ಡಿಗ್ರಿ. ಬಣ್ಣವನ್ನು ನಂಬಿಯೇ ಮೋಸ ಹೋಗುವುದು. ಕೆಂಪು ಎಂದರೆ ಪ್ಲಸ್ ಎಂಬುದು ನಮ್ಮ ಎಲೆಕ್ಟ್ರಿಷಿಯನ್‌ಗಳಿಗೆ ಕೈಗೇ ಬಂದ ಪಾಠ. ಅಮೆರಿಕದ ಪದ್ಧತಿಯ ಥರ್ಮೋಕಪಲ್‌ನಲ್ಲಿ ಕೆಂಪೇ ಮೈನಸ್. ಐಇಸಿ ಪದ್ಧತಿಯ ಕೆ-ಟೈಪ್‌ನಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಗೊಂದಲವಾದರೆ ಒಂದು ಮ್ಯಾಗ್ನೆಟ್ ಹಿಡಿದರೆ ಸಾಕು. ಅಂಟುವ ತಂತಿ ಅಲ್ಯುಮೆಲ್ ಎಂಬ ಮಿಶ್ರಲೋಹದ್ದು, ಅದೇ ಮೈನಸ್.

ಅಂಕಿ ಒಂದೇ ಸಮನೆ ಕುಣಿಯುತ್ತಿದ್ದರೆ ಅರ್ಥಿಂಗ್ ನೋಡಬೇಕು. ಮೋಟಾರ್ ಕೇಬಲ್ ಜೊತೆಗೇ ಸೆನ್ಸರ್ ವೈರ್ ಹೋಗಿದ್ದರೆ ಮೊದಲು ಅದನ್ನು ಬೇರೆ ಮಾಡಬೇಕು.

ಸೆನ್ಸರ್ ಕೆಡುವುದೇ ಇಲ್ಲವೆಂದಲ್ಲ. ಆಮ್ಲಜನಕ ಕಡಿಮೆಯಿರುವ ಬಿಸಿ ವಾತಾವರಣದಲ್ಲಿ ಕೆ-ಟೈಪ್ ತಂತಿಯ ಕ್ರೋಮಿಯಂ ಮಾತ್ರ ಆಕ್ಸೈಡ್ ಆಗಿ, ರೀಡಿಂಗ್ ಮೆಲ್ಲಗೆ ಕೆಳಗಿಳಿಯುತ್ತದೆ. ಈ ಸವಕಳಿ ತೊಂದರೆ ಕೊಡುವುದು ತುದಿಯಲ್ಲಲ್ಲ, ಕುಲುಮೆಯ ಗೋಡೆ ದಾಟುವಲ್ಲಿ, ಕಾವು ಥಟ್ಟನೆ ಇಳಿಯುವ ಆ ಕೆಲವು ಇಂಚುಗಳಲ್ಲಿ. ಹಳೆಯ ಸೆನ್ಸರ್ ಹೊರಗೆಳೆದು ಬೇರೆ ಕಡೆ ಪರೀಕ್ಷಿಸಿದರೆ ಅದು ಒಳ್ಳೆಯದಾಗಿಯೇ ಕಾಣಬಹುದು.

ಹಾಗಾದರೆ ಶುರು ಮಾಡುವುದೆಲ್ಲಿಂದ? ಸೆನ್ಸರ್ ಬಿಚ್ಚಿ, ಲಾಗರ್‌ನ ಎರಡು ಸ್ಕ್ರೂಗಳ ನಡುವೆ ಅರ್ಧ ಇಂಚಿನ ತಾಮ್ರದ ತಂತಿ ಸಿಕ್ಕಿಸಿ. ಪರದೆಯಲ್ಲಿ ಟರ್ಮಿನಲ್‌ನ ಬಿಸಿ, ಅಂದರೆ ಹೆಚ್ಚುಕಮ್ಮಿ ಕೋಣೆಯ ಉಷ್ಣತೆ, ಬರಬೇಕು. ಬರದಿದ್ದರೆ ತಪ್ಪು ಲಾಗರ್‌ನದು. ಬಂದರೆ ಜ್ಯೂಸ್ ಅಂಗಡಿಯಿಂದ ಐಸ್ ತಂದು, ಪುಡಿಮಾಡಿ ಫ್ಲಾಸ್ಕ್‌ಗೆ ತುಂಬಿ, ಸಂದು ಮುಚ್ಚುವಷ್ಟು ಶುದ್ಧ ನೀರು ಹೊಯ್ದು ಸೆನ್ಸರ್ ಇಳಿಸಿ: ಸೊನ್ನೆ. ಆಮೇಲೆ ಕುದಿಯುವ ನೀರು: 97. ಸಾಮಾನ್ಯ ದರ್ಜೆಯ ಕೆ-ಟೈಪ್‌ಗೆ ಎರಡೂವರೆ ಡಿಗ್ರಿ ಆಚೀಚೆ ಮಾಫಿ ಇದೆ. ಹೊಸ ಸೆನ್ಸರ್‌ಗೆ ಆರ್ಡರ್ ಹಾಕುವ ಮೊದಲು ಇಷ್ಟು ಮಾಡಿ ನೋಡಿ. ಅರ್ಧ ಗಂಟೆಯ ಕೆಲಸ.